ಇಬ್ಬರ ಬೋಟು

ಪೆರಾಬೆಯ ಅದ್ರಾಮ ಬೋಟು ಕಟ್ಟುತ್ತಿದ್ದಾನೆ ಎಂಬ ಸುದ್ದಿ ತಲುಪಿದ್ದೇ ತಡ, ಕುಮಾರಧಾರಾ ಹೊಳೆಯ ಅರ್ಧದಷ್ಟು ಮೀನುಗಳು ಸಂಸಾರ ಸಮೇತ ಸಮುದ್ರಕ್ಕೆ ಗುಳೆ ಹೋದವು. ಉಳಿದರ್ಧಕ್ಕೆ ಜ್ವರ ಬಂತು. ಅಂಥ ಬೋಟು ಅದು! ನೆಲ್ಯಾಡಿಯ ರಬ್ಬರ್ ತೋಟದಿಂದ ತಂದ ನೀಲಿ ಡ್ರಮ್ಮುಗಳನ್ನು ಎರಡು ಸಾಲಾಗಿ ಮಲಗಿಸಿ, ಮೇಲೆ ಅಡಿಕೆ ಮರದ ಸಲಾಕೆ ಬಿಗಿದು, ಎಡಕ್ಕೊಂದು ಬಲಕ್ಕೊಂದು ಪ್ಲಾಸ್ಟಿಕ್ ಕುರ್ಚಿ ಕಟ್ಟಿದ್ದ. ಇದಕ್ಕೆ ಪೊಂಟೂನ್ ಬೋಟು ಎನ್ನುತ್ತಾರೆಂದು ಯೂಟ್ಯೂಬಿನ ಬಿಳಿ ದೊರೆಯೊಬ್ಬ ಅವನಿಗೆ ಕಲಿಸಿದ್ದ. ಯುದ್ಧದ ಹಡಗು ಪಕ್ಕದಲ್ಲಿ ಬಂದು ನಿಂತಿದ್ದರೆ ನಾಚಿ ಮುಳುಗುತ್ತಿತ್ತು.

ಒಂದೇ ತೊಂದರೆ. ಒಬ್ಬನೇ ಕೂತರೆ ಬೋಟು ಅವನ ಕಡೆಗೇ ವಾಲುತ್ತಿತ್ತು.

"ಒಂದೇ ಕುರ್ಚಿ ಸಾಕಲ್ಲ ಬ್ಯಾರಿಗಳೇ, ನಡುವೆ ಇಟ್ಟರೆ ಆಗುದಿಲ್ವಾ?" ಎಂದು ಹೊಳೆ ದಾಟುವ ಕಡವಿನ ಬಳಿ ಚಾ ಹೋಟೆಲು ನಡೆಸುವ ಸೀನ ಕೇಳಿದ.

"ಇದು ಇಬ್ಬರ ಬೋಟು ಮಾರಾಯ."

"ಇನ್ನೊಬ್ರು ಯಾರು?"

ಅದ್ರಾಮ ಒಂದು ಗೋಣಿಗೆ ಹೊಯಿಗೆ, ಅಂದರೆ ಹೊಳೆಯ ಮರಳು, ತುಂಬಿಸಿ, ಬಾಯಿ ಕಟ್ಟಿ, ಎರಡನೆಯ ಕುರ್ಚಿಯಲ್ಲಿ ಕೂರಿಸಿದ.

ಇನ್ನೊಬ್ಬ ಎಂದರೆ ಹೊಳೆಯಾಚೆಯ ತ್ಯಾಂಪಣ್ಣ. ಚಡ್ಡಿ ಹಾಕುವ ವಯಸ್ಸಿನಿಂದಲೂ ಇಬ್ಬರೂ ಒಂದೇ ಬಂಡೆ ಹತ್ತಿ ಗಾಳ ಹಾಕಿದವರು. ಅವರಿಬ್ಬರು ಕೂತು ಕೂತು ಆ ಬಂಡೆ ಆಳೆತ್ತರ ಸವೆದಿದೆ ಎಂದರೆ ಯಾರೂ ನಂಬುವುದಿಲ್ಲ, ಬೇಡ ಬಿಡಿ. ಅರಬ್ಬಿಗಳ ದೇಶದ ದಮ್ಮಾಮಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ರಜೆಗೆ ಬಂದರೆ ಅದ್ರಾಮ ಪೆಟ್ಟಿಗೆಗಿಂತ ಮೊದಲು ಗಾಳ ಬಿಚ್ಚುತ್ತಿದ್ದ. ಹೆಂಡತಿ ಆಸಿಯಾ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ. ಮನುಷ್ಯರ ಮಾತೇನಿದ್ದರೂ ಆ ಬಂಡೆಯ ಮೇಲೆ. ಆದರೆ ಮಳೆಗಾಲಕ್ಕೆ ಮೊದಲು ತ್ಯಾಂಪಣ್ಣ ಬರುವುದನ್ನು ನಿಲ್ಲಿಸಿದ. ಫೋನೂ ಎತ್ತಲಿಲ್ಲ. ಮೊಣಕಾಲು ನೋವಿರಬೇಕು, ಬಂಡೆ ಹತ್ತಲಾಗದೆ ನಾಚಿಕೊಂಡಿರಬೇಕು ಎಂದು ಅದ್ರಾಮ ತೀರ್ಮಾನಿಸಿದ. ಕುರ್ಚಿ ಇರುವ ಬೋಟಿನಲ್ಲಿ ಹೋಗಿ, ಅವನ ಮನೆ ಮುಂದೆಯೇ ಆನೆಮರಿಯಂಥ ಮೀನೊಂದನ್ನು ಎತ್ತಿ ತೋರಿಸಿದರೆ ಬಾರದೆ ಎಲ್ಲಿಗೆ ಹೋಗುತ್ತಾನೆ?

ಮಳೆ ಬಿಟ್ಟು ನೀರು ತಿಳಿಯಾದ ಮೇಲೆ ಬೋಟು ಹೊಳೆಗಿಳಿದು ತ್ಯಾಂಪಣ್ಣನ ಮನೆ ಎದುರಿಗೆ ಹೋಯಿತು. ನೀರಿಗೆ ಬಿಡುವ ಲಂಗರು ಕಲ್ಲಿನ ಹಗ್ಗವನ್ನು ಬೋಟಿನ ಮೂತಿಗೇ ಕಟ್ಟಬೇಕು, ಬದಿಗೆ ಕಟ್ಟಲೇಬಾರದು ಎಂದು ಯೂಟ್ಯೂಬಿನ ದೊರೆ ಗಂಟಲು ಹರಿಯುವಂತೆ ಹೇಳಿದ್ದ. ಆದರೆ ಮೂತಿಗೆ ಕಟ್ಟಿದರೆ ಬೋಟು ತ್ಯಾಂಪಣ್ಣನ ಮನೆಗೆ ಬೆನ್ನು ಹಾಕುತ್ತಿತ್ತು. ಅದ್ರಾಮ ಬದಿಗೇ ಕಟ್ಟಿದ. ಸೆಳೆತ ಬಂದು ಡ್ರಮ್ಮನ್ನು ಒತ್ತಿತು, ಒಂದು ಬದಿ ಮುಳುಗತೊಡಗಿತು. ಕತ್ತಿ ಎತ್ತಿ ಹಗ್ಗ ಕಡಿದ. ಬೋಟು ನಯಾಗರಾದಲ್ಲಿ ಬಿದ್ದ ತರಗೆಲೆಯಂತೆ ಗಿರಗಿರ ತಿರುಗುತ್ತಾ ಕೆಳಗೆ ಹೋಗಿ, ಈಚೆ ದಡದ ದೇವಸ್ಥಾನದ ಮೆಟ್ಟಿಲ ಬುಡದ ಗುಂಡಿಯಲ್ಲಿ ನಿಂತಿತು.

ಅಲ್ಲಿ ಮೀನೋ ಮೀನು! ನೀರಿಗಿಂತ ಮೀನೇ ಹೆಚ್ಚು. ಒಂದೊಂದೂ ಕೆಎಸ್ಸಾರ್ಟಿಸಿ ಬಸ್ಸಿನಷ್ಟು. ಡ್ರಮ್ಮಿಗೆ ಮೂತಿ ತಾಗಿಸಿ ಬಾಯಿ ತೆರೆದವು.

"ಗಾಳ ಹಾಕ್ಬೇಡ ಮಾರಾಯ! ದೇವರ ಮೀನು!"

ಮೆಟ್ಟಿಲ ಮೇಲೆ ತ್ಯಾಂಪಣ್ಣ ಅಕ್ಕಿ ಹಿಡಿದು ನಿಂತಿದ್ದ.

"ಗೊತ್ತುಂಟು. ನಾನಾಗಿ ಬಂದದ್ದಲ್ಲ, ಹೊಳೆ ತಂದು ಹಾಕಿದ್ದು."

"ಆ ಕುರ್ಚಿಯಲ್ಲಿ ಯಾರದು?"

"ನೀನು," ಎಂದ ಅದ್ರಾಮ. "ಇತ್ತೀಚೆಗೆ ಸ್ವಲ್ಪ ದಪ್ಪ ಆಗಿದ್ದಿ."

ತ್ಯಾಂಪಣ್ಣ ನಕ್ಕ. ನಗು ನಿಂತ ಮೇಲೆ ಅಕ್ಕಿಯನ್ನೇ ನೋಡುತ್ತಾ ಹೇಳಿದ: "ಸುಪ್ರೀತಾಳಿಗೆ ಹೆರಿಗೆ ಕಷ್ಟ ಆಯ್ತಲ್ಲ, ಆಗ ಇಲ್ಲಿ ಹರಕೆ ಹೇಳಿದೆ. ಮಗಳು ಉಳಿದರೆ ಇನ್ನು ಮೀನು ಹಿಡಿಯುದಿಲ್ಲ, ತಿನ್ನುದಿಲ್ಲ ಅಂತ."

"ನನಗೊಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು?"

"ಮೀನು ಬಿಟ್ಟರೆ ನಮಗೆ ಮಾತಾಡ್ಲಿಕ್ಕೆ ಬೇರೆ ಎಂತ ಉಂಟು?"

ದಮ್ಮಾಮಿನಲ್ಲಿ ಮಾತಾಡಿ ಮಾತಾಡಿ ಅರಬ್ಬಿಗಳನ್ನೇ ಸುಸ್ತು ಮಾಡಿದ್ದ ಅದ್ರಾಮ ಗಾಳಗಳನ್ನೆಲ್ಲ ಎತ್ತಿ ಮೆಟ್ಟಿಲ ಮೇಲಿಟ್ಟ. ಗೋಣಿಯನ್ನು ಎಳೆದು ದಡಕ್ಕೆ ಉರುಳಿಸಿದ.

"ಸೇತುವೆ ಸುತ್ತಿ ಹೋಗುದು ಯಾಕೆ? ಆಚೆ ಬಿಡ್ತೇನೆ, ಬಾ."

ತ್ಯಾಂಪಣ್ಣ ಗಾಳಗಳನ್ನು ಒಮ್ಮೆ ನೋಡಿ, ಬಂದು ಕೂತ. ಬೋಟು ಮೊದಲ ಬಾರಿಗೆ ತಕ್ಕಡಿಯಂತೆ ಸಮ ನಿಂತಿತು.

"ನೀರು ಇಳಿದಿದೆ," ಎಂದ ತ್ಯಾಂಪಣ್ಣ.

"ಹೌದು. ಇಳಿದಿದೆ."

ಅದ್ರಾಮ ಹುಟ್ಟು ಹಾಕತೊಡಗಿದ. ಹೊಳೆ ಅಷ್ಟು ಸಣ್ಣದೆಂದು ಅದ್ರಾಮನಿಗೆ ಈವರೆಗೆ ಗೊತ್ತಿರಲಿಲ್ಲ. ಎಷ್ಟು ನಿಧಾನ ಮಾಡಿದರೂ ಆಚೆ ದಡ ಬಂದೇಬಿಟ್ಟಿತು. ತ್ಯಾಂಪಣ್ಣ ಚಂಗನೆ ಹಾರಿ ಇಳಿದ.

"ಮೊಣಕಾಲು ಹೇಗುಂಟು?" ಎಂದು ಅದ್ರಾಮ ಕೇಳಿದ.

"ಮೊಣಕಾಲಿಗೆ ಎಂತ ಆಗಿದೆ?" ಎಂದವನೇ ತ್ಯಾಂಪಣ್ಣ ದಿಣ್ಣೆ ಹತ್ತಿ ಹೋದ.

ಅದ್ರಾಮ ಮೇಲಕ್ಕೆ ಹುಟ್ಟು ಹಾಕಿಕೊಂಡು ಬಂದ. ಸೊಂಟದವರೆಗೆ ನೀರಿಗೆ ವಾಲಿಕೊಂಡೇ ಬಂದ. ಖಾಲಿ ಕುರ್ಚಿ ಆಕಾಶಕ್ಕೆ ಮುಖ ಮಾಡಿತ್ತು.

"ಮೀನಿಲ್ವಾ? ಗೋಣಿ ಎಲ್ಲಿ ಬ್ಯಾರಿಗಳೇ? ಬೇರೆ ತುಂಬಿಸಿ ಕೊಡ್ಲಾ?" ಎಂದು ಸೀನ ದಡದಿಂದ ಕೂಗಿದ.

"ಬೇಡ," ಎಂದ ಅದ್ರಾಮ. "ವಾಲಿದರೆ ವಾಲಲಿ. ಆ ಕುರ್ಚಿಗೆ ಜನ ಉಂಟು."