ಕೊರೀನ್ ಹೆಸರಿನ ಚೀಟಿ

ಬೆಟ್ಟಗಳ ನಡುವಿನ ನಮ್ಮೂರು ಪೈನಿ ಫೋರ್ಕಿನಲ್ಲಿ ಇದ್ದದ್ದು ಒಂದೇ ಔಷಧಿ ಅಂಗಡಿ, ಕೊರೀನ್ ಸ್ಟಿಲ್ಟ್ನರ್‌ಳದು. ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅವಳ ಅಪ್ಪ ತೆರೆದದ್ದು. ಗಣಿಗಳು ಮುಚ್ಚಿದವು, ಅಂಗಡಿ ಉಳಿಯಿತು. ನಾನು ಅದರ ಕೌಂಟರಿನ ಹಿಂದೆ ಹತ್ತೊಂಬತ್ತು ವರ್ಷ ಅವಳ ಸಹಾಯಕಿಯಾಗಿ ನಿಂತವಳು. ಬೆನ್ನು ಮುರಿದುಕೊಂಡ ಗಣಿಯವರಿಗೆ ನೋವಿನ ಮಾತ್ರೆ ಕೊಟ್ಟೆವು, ಆಮೇಲೆ ಅವರ ಮಕ್ಕಳಿಗೂ ಕೊಟ್ಟೆವು. ಡಾಕ್ಟರ ಚೀಟಿ ಇದ್ದರೆ ತಿಂಗಳಿಗೆ ತೊಂಬತ್ತು ಮಾತ್ರೆ ಕೊಟ್ಟರೂ ಯಾಕೆಂದು ಕೇಳುವವರಿರಲಿಲ್ಲ.

ಅದೇ ಮಾತ್ರೆ ಮಿತಿಮೀರಿ ಉಸಿರು ನಿಂತವರನ್ನು ಎಬ್ಬಿಸುವ ಔಷಧಿಯೂ ನಮ್ಮ ಕಪಾಟಿನಲ್ಲಿತ್ತು. ನಲಾಕ್ಸೋನ್. ಆರೋಗ್ಯವಂತರಿಗೆ ಹಾಕಿದರೆ ಏನೂ ಆಗುವುದಿಲ್ಲ, ಸಾಯುತ್ತಿರುವವರಿಗೆ ಹಾಕಿದರೆ ಎದ್ದು ಕೂರುತ್ತಾರೆ. ಅದಕ್ಕೂ ಡಾಕ್ಟರ ಚೀಟಿ ಬೇಕು, ಅದೂ ಮಾತ್ರೆ ತಿನ್ನುವವರ ಹೆಸರಿನಲ್ಲೇ ಇರಬೇಕು. ಉಸಿರು ನಿಂತವರು ತಮ್ಮ ಮೂಗಿಗೆ ತಾವೇ ಔಷಧಿ ಹಾಕಿಕೊಳ್ಳುವುದು ಹೇಗೆಂದು ಆ ಕಾನೂನು ಬರೆದವರು ಯೋಚಿಸಿದಂತಿರಲಿಲ್ಲ.

ವೆರ್ನಾ ರ್‍ಯಾಟ್ಲಿಫ್ ಫೆಬ್ರುವರಿಯ ಒಂದು ಬೆಳಿಗ್ಗೆ, ಶಾಲೆಯ ಬಸ್ಸು ಓಡಿಸಿ ಮುಗಿಸಿ, ಕೈಗವಸು ಕೂಡ ತೆಗೆಯದೆ ಒಳಗೆ ಬಂದಳು. ಇಪ್ಪತ್ತಾರು ವರ್ಷದ ಮಗಳು ಕೇಲಾ ಮತ್ತೆ ಮನೆಗೆ ಬಂದಿದ್ದಾಳೆ, ಮಾತ್ರೆ ಬಿಟ್ಟು ಸೂಜಿ ಹಿಡಿದಿದ್ದಾಳೆ ಎಂದು ನೆಲ ನೋಡುತ್ತ ಹೇಳಿದಳು. ಆ ಔಷಧಿಯೊಂದು ಮನೆಯಲ್ಲಿರಲಿ ಎಂಬುದಷ್ಟೇ ಅವಳ ಕೋರಿಕೆ.

ಕೊರೀನ್ ಕಾನೂನು ವಿವರಿಸಿದಳು. ವೆರ್ನಾ ಕೊನೆಯವರೆಗೂ ಕೇಳಿಸಿಕೊಂಡು, "ಅಂದ್ರೆ ಅದು ನಿನ್ನ ಹಿಂದಿನ ಕಪಾಟಲ್ಲೇ ಇದೆ. ನೀನು ಕೊಡಲ್ಲ," ಎಂದಳು.

"ಕೊಡೋಕಾಗಲ್ಲ, ವೆರ್ನಾ."

"ಎರಡೂ ಒಂದೇ ಬಿಡು."

ನಮ್ಮೂರಿಗೆ ಡಾಕ್ಟರ್ ಪ್ರೂಯಿಟ್ ವಾರಕ್ಕೆ ಎರಡು ದಿನ ಬರುತ್ತಿದ್ದರು. ಕೊರೀನ್ ಅಂದೇ ಅವರಿಗೆ ಫೋನು ಮಾಡಿದಳು. ತಾಯಿಯ ಹೆಸರಿನಲ್ಲಿ ಬರೆಯಲು ಬರುವುದಿಲ್ಲ, ಮಗಳನ್ನೇ ಕರೆತರಲಿ ಎಂದರು. ಕೇಲಾ ಬರುವವಳಲ್ಲ. ಡಾಕ್ಟರ ಮುಂದೆ ಕೂತರೆ ಮುಂದಿನ ವಾರ ಪೊಲೀಸರ ಮುಂದೆ ಕೂರಬೇಕಾಗುತ್ತದೆ ಎಂದು ಅವಳು ನಂಬಿದ್ದಳು. ನಮ್ಮ ಕಡೆ ಅದು ಸುಳ್ಳು ನಂಬಿಕೆಯೂ ಆಗಿರಲಿಲ್ಲ. ವೆರ್ನಾ ಮತ್ತೆರಡು ಸಲ ಬಂದಳು. ಮೂರನೆಯ ಸಲ ಏನೂ ಕೇಳದೆ, ಕೆಮ್ಮಿನ ಗುಳಿಗೆ ಕೊಂಡು ಹೋದಳು. ಅವಳು ಹೋದ ಮೇಲೆ ಕೊರೀನ್ ಬಿಳಿ ಕೋಟು ಬಿಚ್ಚಿ ನನ್ನ ಕೈಗಿತ್ತು, ರಸ್ತೆ ದಾಟಿ ಡಾಕ್ಟರ ಕೋಣೆಗೆ ನಡೆದಳು.

ಅಲ್ಲಿ ನಡೆದದ್ದನ್ನು ಆಮೇಲೆ ನನಗೆ ಹೇಳಿದಳು. ಹಿಂದಿನ ಚಳಿಗಾಲದಲ್ಲಿ ಅವಳ ಭುಜಕ್ಕೆ ಆಪರೇಷನ್ ಆಗಿತ್ತು, ಒಂಬತ್ತು ದಿನ ನೋವಿನ ಮಾತ್ರೆ ತಿಂದಿದ್ದಳು. ಈಗಲೂ ತಿನ್ನುತ್ತಿದ್ದೇನೆ, ಹೆಚ್ಚು ತಿಂದೇನೋ ಎಂದು ಭಯವಾಗುತ್ತಿದೆ, ನಲಾಕ್ಸೋನ್ ನನ್ನ ಹೆಸರಿಗೇ ಬರೆಯಿರಿ ಎಂದಳಂತೆ. ಡಾಕ್ಟರು ಬಹಳ ಹೊತ್ತು ಅವಳ ಮುಖ ನೋಡಿದರಂತೆ.

"ಬರೆದ್ರೆ ನಿನ್ನ ಫೈಲಲ್ಲಿ ಏನು ಕೂರುತ್ತೆ ಗೊತ್ತಲ್ಲ ಕೊರೀನ್?"

"ಕೂರ್ಲಿ ಬಿಡಿ ಡಾಕ್ಟ್ರೇ."

ಬರೆದರು. ಸಂಜೆ ಕೊರೀನ್ ಆ ಪೊಟ್ಟಣವನ್ನು ವೆರ್ನಾಳ ಮನೆಗೆ ತಾನೇ ಒಯ್ದು, ಮೂಗಿಗೆ ಔಷಧಿ ಸಿಂಪಡಿಸುವ ಪಿಚಕಾರಿ ಜೋಡಿಸುವುದನ್ನು ಎರಡು ಸಲ ತೋರಿಸಿ ಬಂದಳು.

ಏಪ್ರಿಲ್‌ನ ಒಂದು ಭಾನುವಾರ ಚರ್ಚು ಮುಗಿಸಿ ಬಂದ ವೆರ್ನಾ ಒಲೆಯ ಮೇಲೆ ಪಿಂಟೋ ಕಾಳು ಬೇಯಲಿಟ್ಟು, ಜೋಳದ ಬ್ರೆಡ್ಡಿಗೆ ಹಿಟ್ಟು ಕಲಸುತ್ತಿದ್ದಳು. ಬಚ್ಚಲಿನಲ್ಲಿ ನೀರು ಸುರಿಯುತ್ತಲೇ ಇತ್ತು. ಕರೆದರೆ ಉತ್ತರವಿಲ್ಲ. ಬಾಗಿಲನ್ನು ಭುಜದಿಂದ ಒಡೆದು ಒಳಹೊಕ್ಕರೆ ಕೇಲಾಳ ತುಟಿ ನೀಲಿಯಾಗಿತ್ತು. ಆಂಬುಲೆನ್ಸು ಬೆಟ್ಟ ಹತ್ತಿಳಿದು ಬರಲು ನಲವತ್ತು ನಿಮಿಷ. ವೆರ್ನಾ ಹಿಟ್ಟಿನ ಕೈಯಲ್ಲೇ ಪಿಚಕಾರಿ ಜೋಡಿಸಿದಳು. ಮೂಗಿನ ಒಂದು ಹೊಳ್ಳೆಗೆ ಅರ್ಧ, ಇನ್ನೊಂದಕ್ಕೆ ಅರ್ಧ. ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಮೂರು ನಿಮಿಷಕ್ಕೆ ಕೇಲಾ ಕೆಮ್ಮಿ ಎದ್ದು ಕೂತು, ಅಮಲು ಇಳಿಸಿದೆಯಲ್ಲ ಎಂದು ತಾಯಿಗೆ ಬಾಯಿಗೆ ಬಂದಂತೆ ಬೈದಳು. ಅಷ್ಟು ಚೆಂದದ ಬೈಗುಳ ತಾನು ಕೇಳಿಯೇ ಇರಲಿಲ್ಲ ಎಂದು ವೆರ್ನಾ ಮರುದಿನ ಅಂಗಡಿಯಲ್ಲಿ ನಗುತ್ತ ಅಳುತ್ತ ಹೇಳಿದಳು.

ಮುಂದಿನ ಚಳಿಗಾಲ ರಾಜ್ಯದ ರಾಜಧಾನಿಯಲ್ಲಿ ಹೊಸ ಮಸೂದೆ ಬಂತು. ಔಷಧಿ ಅಂಗಡಿಯವರೇ ನಲಾಕ್ಸೋನ್ ಬರೆದು, ಕೇಳಿದವರಿಗೆ ಕೊಡಬಹುದು ಎಂದು. ಕೊರೀನ್ ಒಂದು ವರ್ಷದಿಂದ ಇದಕ್ಕಾಗಿ ಕಾಗದ ಬರೆಯುತ್ತಿದ್ದಳು, ಫೋನು ಮಾಡುತ್ತಿದ್ದಳು. ಶಾಸಕರ ಸಮಿತಿಯ ಮುಂದೆ ಒಬ್ಬ ತಾಯಿ ಮಾತಾಡಿದರೆ ಒಳ್ಳೆಯದೆಂದು ಮಸೂದೆ ತಂದವರು ಕೇಳಿದಾಗ ವೆರ್ನಾಳನ್ನು ಒಪ್ಪಿಸಿದವಳೂ ಇವಳೇ. ಮೂವರೂ ಒಂದೇ ಕಾರಿನಲ್ಲಿ ಹೋದೆವು.

ವೆರ್ನಾ ಬರೆದುಕೊಂಡು ಬಂದದ್ದನ್ನು ಓದಲಿಲ್ಲ. ಕಾಗದ ಮಡಿಸಿಟ್ಟು, "ನನ್ನ ಮಗಳು ಇವತ್ತು ಬದುಕಿದ್ರೆ ಅದು ಆ ಹಿಂದೆ ಕೂತಿರೋ ಕೊರೀನ್ ಸ್ಟಿಲ್ಟ್ನರ್ ತನ್ನ ಹೆಸರಲ್ಲಿ ಬರೆಸಿ ನಂಗೆ ತಂದುಕೊಟ್ಟ ಔಷಧಿಯಿಂದ," ಎಂದಳು.

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೆಲವರು ಎದ್ದು ಚಪ್ಪಾಳೆ ತಟ್ಟಿದರು. ಕೊರೀನ್ ನನ್ನ ಮಣಿಕಟ್ಟು ಹಿಡಿದಿದ್ದಳು, ಉಗುರು ಊರುವಷ್ಟು ಬಿಗಿಯಾಗಿ.

ಮಸೂದೆ ಒಂದೇ ಒಂದು ವಿರೋಧವಿಲ್ಲದೆ ಪಾಸಾಯಿತು. ಆದರೆ ಅಂಗಡಿಯವರಿಗೆ ಲೈಸೆನ್ಸು ಕೊಡುವ ಔಷಧ ಮಂಡಳಿ ನಿಯಮ ಬರೆಯುವವರೆಗೆ ಯಾರೂ ಕೊಡುವಂತಿಲ್ಲ, ನಿಯಮಕ್ಕೆ ಹತ್ತು ತಿಂಗಳು ಬೇಕೆಂದರು. ಕೊರೀನ್ ಪ್ರತಿ ಸೋಮವಾರ ಫೋನು ಮಾಡುತ್ತಿದ್ದಳು. ಕರಡು ಆಗುತ್ತಿದೆ ಎನ್ನುತ್ತಿದ್ದರು.

ಮೇ ತಿಂಗಳಲ್ಲಿ ಅದೇ ಮಂಡಳಿಯಿಂದ ಕಾಗದ ಬಂತು. ನಿಯಮವಲ್ಲ, ನೋಟೀಸು. ಕೊರೀನ್ ತನ್ನ ಹೆಸರಿನ ಔಷಧಿಯನ್ನು ಬೇರೆಯವರಿಗೆ ಕೊಟ್ಟದ್ದಕ್ಕೆ ವಿವರಣೆ ಬೇಕು, ಮತ್ತು ವೈದ್ಯರ ದಾಖಲೆಯಂತೆ ಆಕೆಗೇ ನೋವಿನ ಮಾತ್ರೆಯ ತೊಂದರೆ ಇರುವುದರಿಂದ ಅದಕ್ಕೂ ವಿವರಣೆ ಬೇಕು. ಸಾಕ್ಷಿಗೆ ವೆರ್ನಾ ಆಡಿದ ಮಾತಿನ ಅಚ್ಚಾದ ಪ್ರತಿ ಲಗತ್ತಿಸಿದ್ದರು.

ತಿನ್ನುತ್ತೇನೆ ಎಂದರೆ ಚಟದವಳು, ತಿನ್ನುವುದಿಲ್ಲ ಎಂದರೆ ಡಾಕ್ಟರಿಗೆ ಸುಳ್ಳು ಹೇಳಿ ಚೀಟಿ ಬರೆಸಿದವಳು. ಸುಳ್ಳಿಗೆ ಲೈಸೆನ್ಸೇ ಹೋಗಬಹುದು, ಚಟಕ್ಕಾದರೆ ಚಿಕಿತ್ಸೆಯಿದೆ ಎಂದು ವಕೀಲ ಹೇಳಿದ. ಡಾಕ್ಟರ್ ಪ್ರೂಯಿಟ್ ತಮಗೆ ಯಾವ ಅನುಮಾನವೂ ಬಂದಿರಲಿಲ್ಲ ಎಂದು ಬರೆದು ಕೊಟ್ಟು ಕೈ ತೊಳೆದುಕೊಂಡರು. ಅವರಿಗೆ ಆ ವರ್ಷದಿಂದ ನಾನು ಕ್ರಿಸ್‌ಮಸ್ ಕೇಕು ಕಳಿಸುವುದನ್ನು ಬಿಟ್ಟೆ.

ಕೊರೀನ್ ಚಟ ಒಪ್ಪಿಕೊಂಡಳು. ಒಂದು ಲೋಟ ಬಿಯರಿಗೂ ತಲೆ ತಿರುಗುತ್ತದೆ ಎನ್ನುವ ಹೆಂಗಸು. ಐವತ್ತೆಂಟನೆಯ ವಯಸ್ಸಿನಲ್ಲಿ ಪ್ರತಿ ಬುಧವಾರ ಬೆಟ್ಟದಾಚೆಯ ಹ್ಯಾನ್ಲಿ ಪಟ್ಟಣದ ಚಿಕಿತ್ಸಾ ಕೇಂದ್ರಕ್ಕೆ ಹೋಗಿ, ಬಾಗಿಲು ಅರ್ಧ ತೆರೆದಿಟ್ಟ ಬಚ್ಚಲಿನಲ್ಲಿ ಪರೀಕ್ಷೆಗೆಂದು ಲೋಟಕ್ಕೆ ಮೂತ್ರ ಮಾಡಿಕೊಟ್ಟು ಬರುತ್ತಿದ್ದಳು. ಒಂದು ವರ್ಷ ಹಾಗೆ ಮಾಡಬೇಕೆಂದು ಮಂಡಳಿಯ ಆದೇಶವಾಯಿತು. ಲೈಸೆನ್ಸು ಉಳಿಯಿತು. ನೋವಿನ ಮಾತ್ರೆ ಎಂದಿನಂತೆ ಮಾರಬಹುದಿತ್ತು, ತೊಂಬತ್ತು ಬೇಕಾದರೆ ತೊಂಬತ್ತು. ಚಿಕಿತ್ಸೆ ಮುಗಿಯುವವರೆಗೆ ನಲಾಕ್ಸೋನ್ ಬರೆಯುವ ಹೊಸ ಅಧಿಕಾರವೊಂದು ಮಾತ್ರ ಅವಳಿಗಿಲ್ಲ.

ಆದೇಶದ ಆ ಸಾಲು ಓದಿದ ದಿನ ಅವಳು ಕಾಗದವನ್ನು ನನ್ನ ಮುಂದೆ ಹಿಡಿದು, "ನೋಡೇ, ನಾನು ತಪ್ಪು ಓದ್ತಿದೀನಾ?" ಎಂದು ಕೇಳಿದಳು. ತಪ್ಪು ಓದಿರಲಿಲ್ಲ.

ವೆರ್ನಾ ಕ್ಷಮೆ ಕೇಳಲು ಬಂದಳು. ಬಸ್ಸಿನ ಸಮವಸ್ತ್ರದಲ್ಲೇ ಕೌಂಟರಿನ ಮುಂದೆ ನಿಂತು, ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು ಎಂದಳು. ಕೊರೀನ್ ತಲೆಯೆತ್ತದೆ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಳು.

"ನೀನು ನಿಜ ಹೇಳ್ದೆ. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋ ಹಾಗೂ ಇಲ್ವಲ್ಲ ಅಂತಾನೇ ನಂಗೆ ಸಿಟ್ಟು. ಈಗ ಹೋಗು, ಇನ್ನೊಂದು ದಿನ ಬಾ."

ಜನವರಿಯಲ್ಲಿ ನಿಯಮ ಬಂತು. ಊರ ಹೊರಗೆ ಹೆದ್ದಾರಿ ಪಕ್ಕದ ದೊಡ್ಡ ಕಂಪನಿ ಅಂಗಡಿಯಲ್ಲಿ ಔಷಧಿ ಕೊಡುವವನಿಗೆ ಅಧಿಕಾರ ಸಿಕ್ಕಿತು, ಆದರೆ ಮೇಲಿನವರ ಅಪ್ಪಣೆಯಾಗದೆ ಅವನು ಕೊಡಲಿಲ್ಲ. ಉಳಿದದ್ದು ಹ್ಯಾನ್ಲಿಯ ಔಷಧಿ ಅಂಗಡಿ. ಕಾನೂನು ಬಂದಿದೆಯೆಂದು ಟಿವಿಯಲ್ಲಿ ಕೇಳಿ ನಮ್ಮಲ್ಲಿಗೆ ಬಂದವರಿಗೆಲ್ಲ ಕೊರೀನ್ ಹ್ಯಾನ್ಲಿಯ ದಾರಿ ಬರೆದು ಕೊಡುತ್ತಿದ್ದಳು. ಆರ್ಲಿಸ್ ಕೋ ಎಂಬ ಮುದುಕ, ನಿವೃತ್ತ ಗಣಿಯವನು, ಮೊಮ್ಮಗನಿಗೆಂದು ಕೇಳಲು ಬಂದ. ಅವನ ಹಳೆಯ ಟ್ರಕ್ಕು ಹಿಮದಲ್ಲಿ ಬೆಟ್ಟ ಹತ್ತುವುದಿಲ್ಲ. ಹಿಮ ಕರಗಲಿ, ಹೋಗಿ ಬರುತ್ತೇನೆ ಎಂದು ಚೀಟಿಯನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡ. ಅದಾಗಿ ಹದಿನಾರು ದಿನಕ್ಕೆ ಮೊಮ್ಮಗ ಸತ್ತ. ನಮ್ಮ ಕಪಾಟಿನಲ್ಲಿ ಆಗ ಆರು ಪೊಟ್ಟಣ ಇದ್ದವು.

ಶವಸಂಸ್ಕಾರದ ಮರುದಿನ ವೆರ್ನಾ ಬಂದು, ಇನ್ನು ಮೇಲೆ ಹ್ಯಾನ್ಲಿಗೆ ಹೋಗಬೇಕಾದವರನ್ನು ತನ್ನ ಮನೆಗೆ ಕಳಿಸು, ಹಿಮದಲ್ಲಿ ಬಸ್ಸು ಓಡಿಸುವವಳಿಗೆ ಕಾರು ಯಾವ ಲೆಕ್ಕ ಎಂದಳು. ಪ್ರತಿ ಶನಿವಾರ ಹೋದಳು. ಕೆಲವೊಮ್ಮೆ ಕೇಲಾ ಮುಂದಿನ ಸೀಟಿನಲ್ಲಿ ಇರುತ್ತಿದ್ದಳು, ಕೆಲವೊಮ್ಮೆ ಎಲ್ಲಿರುತ್ತಿದ್ದಳೋ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಕೊರೀನ್‌ಳ ಅಧಿಕಾರಪತ್ರ ಆಗಸ್ಟಿನಲ್ಲಿ ಬಂತು. ನಾನು ಕೇಕು ತರಲೇ ಎಂದು ಕೇಳಿದೆ. ಬೇಡ ಎಂದಳು. ಆ ಮಧ್ಯಾಹ್ನ ಆರ್ಲಿಸ್ ತನ್ನ ರಕ್ತದೊತ್ತಡದ ಮಾತ್ರೆಗೆ ಬಂದ. ಕೊರೀನ್ ಮಾತ್ರೆ ಕೊಟ್ಟು, ಇವತ್ತಿನಿಂದ ಅದನ್ನೂ ಕೊಡಬಹುದು ಎಂದು ಅವನ ಮುಖ ನೋಡದೆ ಹೇಳಿದಳು.

"ಇನ್ನು ಯಾರಿಗಮ್ಮಾ?" ಎಂದ ಆರ್ಲಿಸ್.

ಅವನು ಬಾಗಿಲವರೆಗೆ ಹೋಗಿ, ನಿಂತು, ವಾಪಸು ಬಂದ. ಪಕ್ಕದ ಟ್ರೇಲರ್ ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಎರಡು ಮಕ್ಕಳ ತಾಯಿ, ಹಗಲು ಹೊತ್ತಿನಲ್ಲೇ ಮೆಟ್ಟಿಲ ಮೇಲೆ ಅಮಲಿನಲ್ಲಿ ತೂಕಡಿಸುತ್ತಾಳೆ ಎಂದ. ಕೊರೀನ್ ಪೊಟ್ಟಣ ಬಿಚ್ಚಿ, ಪಿಚಕಾರಿ ಜೋಡಿಸುವುದನ್ನು ಅವನಿಗೆ ತೋರಿಸಿದಳು. ಗಣಿಯಲ್ಲಿ ಎರಡು ಬೆರಳು ಕಳೆದುಕೊಂಡ ಕೈ. ತಿರುಪು ಕೂರಿಸಲು ಬಹಳ ಹೊತ್ತು ಹಿಡಿಯಿತು. ಅವಳು ಕಾಯ್ದಳು.