ಸೂಜಿಗೆ ದಾರ

ಟೈಲರಕ್ಕನ ಹೆಣವನ್ನು ಗಾಡಿಗೆ ಏರಿಸುವಾಗ ನಿವೃತ್ತ ಬಸ್ ಡ್ರೈವರನ ಅಂಗಿಯ ಗುಂಡಿ ಪಟ್ಟನೆ ಕಿತ್ತುಬಂತು. ಬಗ್ಗಿ ಹೆಕ್ಕಿ ಜೇಬಿಗೆ ಹಾಕಿಕೊಂಡ.

ಎಲ್ಲ ಮುಗಿಸಿ ಅವಳ ಅಂಗಡಿಗೆ ಬಂದ ಮೇಲೂ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೆ ಹೋದ, ಹೊಲಿಗೆ ಮಿಷನ್ನಿನ ಹತ್ತಿರ ಬಂದ, ಮತ್ತೆ ಬಾಗಿಲಿಗೆ ಹೋದ.

"ಕೂತ್ಕೊಳ್ಳೋ ಮಾರಾಯ," ಎಂದ ಪಕ್ಕದಂಗಡಿಯ ಇಸ್ತ್ರಿಯವನು. "ಬಸ್ ಬಿಟ್ಟು ಎಷ್ಟು ಕಾಲ ಆಯ್ತು, ನಿನ್ ಕಾಲಿನ್ನೂ ಬ್ರೇಕ್ ಹುಡುಕ್ತಿದೆ."

"ನಾಳೆ ಬೆಳಿಗ್ಗೆ ಏನ್ ಮಾಡ್ಲಿ? ಅಕ್ಕನ ಸೂಜಿಗೆಲ್ಲ ದಾರ ಪೋಣಿಸ್ತಿದ್ದೋನು ನಾನು. ಅವಳಿಗೆ ಕಣ್ಣು ಕಾಣ್ತಿರ್ಲಿಲ್ವಲ್ಲ."

ಮೂಲೆಯಲ್ಲಿದ್ದ ಅಕ್ಕನ ಮಗಳು ತಲೆಯೆತ್ತಿದಳು. "ಅಮ್ಮನಿಗಾ? ಮಾತ್ರೆ ಮೇಲಿನ ಸಣ್ಣಕ್ಷರಾನೂ ಕನ್ನಡಕ ಇಲ್ದೆ ಓದೋಳು, ಮಾವ."

ಡ್ರೈವರ ಮಿಷನ್ನಿನ ಮೇಲಿದ್ದ ಸೂಜಿ ಡಬ್ಬಿಯತ್ತ ತಿರುಗಿದ.

*

ಅವನ ಹೆಂಡತಿ ತೀರಿಕೊಂಡ ವರ್ಷದ ಮಾತು. ಮಗನ ಮನೆಯಲ್ಲಿ ಅವನು ದಾರಿಗೆ ಅಡ್ಡ ಇಟ್ಟ ಕುರ್ಚಿಯಂತಾಗಿದ್ದ. ಒಂದು ಸಂಜೆ ತನ್ನ ಒಳ್ಳೆಯ ಕೋಟನ್ನು ಅಂಗಡಿಗೆ ತಂದ. "ಯಾರಿಗಾದ್ರೂ ಕೊಡಕ್ಕ. ನನಗಿನ್ನು ಬೇಡ."

ಅವಳು ಮಿಷನ್ ನಿಲ್ಲಿಸಿದಳು. "ಸಾಯೋ ಯೋಚನೆ ಏನಾದ್ರೂ ಮಾಡ್ತಿದ್ದೀಯೇನೋ?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಅವನು ಗಳಗಳ ಅತ್ತ. "ಎಲ್ಲರಿಗೂ ಭಾರ ಆಗಿದೀನಕ್ಕ."

ಅಂಗಡಿ ಮುಚ್ಚಿ, ಕೈ ಹಿಡಿದು ಡಾಕ್ಟರ ಹತ್ತಿರ ಕರೆದೊಯ್ದಳು. ನಾನು ಭಾರ, ನಾನು ಯಾರವನೂ ಅಲ್ಲ, ಈ ಎರಡೂ ಒಟ್ಟಿಗೆ ಮನಸ್ಸಿಗೆ ಹೊಕ್ಕರೆ ಅಪಾಯ ಎಂದರು ಡಾಕ್ಟರು. ಹೊರಗೆ ಬಂದು ಅಕ್ಕ ಹೇಳಿದಳು, "ಮಾತ್ರೆ ಅವರು ಕೊಟ್ರು, ಕೆಲಸ ನಾನು ಕೊಡ್ತೀನಿ. ಬೆಳಿಗ್ಗೆ ಬಾ. ಈ ಹಾಳು ಕಣ್ಣಿಗೆ ಸೂಜಿ ತೂತೇ ಕಾಣಲ್ಲ."

*

ಸಾವಿಗೆ ಬಂದಿದ್ದ ಜನರೆಲ್ಲ ಚದುರಿದರು. ಮಗಳು ಅಮ್ಮನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಮುಂದಿಟ್ಟಳು. "ನೀವೇ ಇಟ್ಕೊಳ್ಳಿ ಮಾವ. ನನಗಿನ್ನು ಏನೂ ಬೇಡ."

ಬೆಳಗಿನಿಂದ ಓಡಾಡುತ್ತಿದ್ದ ಕಾಲು ನಿಂತಿತು. ಅವನು ಅವಳೆದುರು ಕೂತ.

"ಮುಚ್ಚುಮರೆ ಬೇಡ ಮಗಳೇ. ಸಾಯೋ ಯೋಚನೆ ಬರ್ತಿದೆಯಾ?"

ಅವಳು ನೆಲ ನೋಡಿದಳು. ಹೌದೆಂದು ತಲೆಯಾಡಿಸಿದಳು. "ನಾನು ಬೇಕಾಗಿದ್ದಿದ್ದು ಅವಳೊಬ್ಬಳಿಗೇ."

"ಈಗ್ಲೇ ಡಾಕ್ಟರ ಹತ್ರ ಹೋಗೋಣ. ರಾತ್ರಿ ನಮ್ಮ ಸೊಸೆ ನಿನ್ ಜೊತೆ ಇರ್ತಾಳೆ. ಮೊದಲು ಈ ಗುಂಡಿ ಹಾಕ್ಕೊಡು. ಎದೆ ತೆರ್ಕೊಂಡು ಹೆಂಗ್ ಬರ್ಲಿ?"

ಕತ್ತಲಲ್ಲೂ ದಾರ ಪೋಣಿಸಬಲ್ಲ ಅವನ ಕೈ ಸೂಜಿಯನ್ನು ಎತ್ತಿಕೊಂಡಿತು. ದಾರ ತೂತಿನ ಪಕ್ಕಕ್ಕೆ ಹೋಯಿತು. ಮತ್ತೊಮ್ಮೆ ಪಕ್ಕಕ್ಕೆ ಹೋಯಿತು.

"ನೋಡಮ್ಮ, ಈ ಹಾಳು ಕಣ್ಣು," ಎಂದು ಸೂಜಿ ದಾರ ಎರಡನ್ನೂ ಅವಳ ಮುಂದೆ ಹಿಡಿದ.

ಅವಳು ಅವನ ಕಣ್ಣನ್ನೇ ನೋಡಿದಳು. ಅಳುವೋ ನಗುವೋ ತಿಳಿಯದ್ದೊಂದು ಮುಖದ ಮೇಲೆ ಹಾದುಹೋಯಿತು. ಆಮೇಲೆ ದಾರ ತೆಗೆದುಕೊಂಡು, ಅದರ ತುದಿಯನ್ನು ತುಟಿಯ ನಡುವೆ ಒದ್ದೆ ಮಾಡಿಕೊಂಡಳು.