ಕುದುರೆಯಿಲ್ಲದ ವೀರ

ಹಿಂದೂಪುರದ ಟಾಕೀಸಿನಿಂದ ಟ್ರಾಕ್ಟರಿನಲ್ಲಿ ಮರಳುವಾಗ ವೆಂಕಟರಾಯಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪರದೆಯ ಮೇಲೆ ಮಹಾರಾಜನೊಬ್ಬ ಬಿಳಿ ಕುದುರೆಯೇರಿ ಶತ್ರುಸೈನ್ಯವನ್ನೆಲ್ಲ ಒಬ್ಬನೇ ಕೆಡವಿ, ಕೊನೆಗೆ ಒಂದು ಕಲ್ಲಿಗೆ ಒರಗಿ ಪ್ರಾಣ ಬಿಟ್ಟಿದ್ದ. ಅಂಥದೇ ವೀರಗಲ್ಲೊಂದು ವೆಂಕಟರಾಯಪ್ಪನ ಹೊಲದ ಬದುವಿನಲ್ಲಿತ್ತು. ಇನ್ನೇನು ಬೇಕು? ಲೇಪಾಕ್ಷಿ ದಾಟುವಷ್ಟರಲ್ಲಿ ಆ ರಾಜ ಅವರೂರಿನವನೇ, ಅವರ ಕುಲದವನೇ ಆಗಿಹೋಗಿದ್ದ.

ಮರುವಾರವೇ, ಟಾಕೀಸಿಗೆ ಕಟೌಟು ಬರೆಯುವ ಮುನೆಪ್ಪ ಆ ಕಲ್ಲನ್ನು ರಾಜನಂತೆ ಸಿಂಗರಿಸಲು ಬಣ್ಣದ ಡಬ್ಬಿಗಳ ಸಮೇತ ಬಂದಿಳಿದ. ಸಂಜೆಗೆ ಪೂಜೆ, ಮೈಕ್‌ಸೆಟ್ಟು ಎಲ್ಲ ಗೊತ್ತುಮಾಡಿದ್ದಾಯಿತು. ಕುರಿ ಸಾಕುವ ಬೀರಕ್ಕನ ಮನೆಯವರು ಕುರಿ ಈದಾಗಲೆಲ್ಲ ಮೊದಲ ಹಾಲನ್ನು ಆ ಕಲ್ಲಿಗೆ ಹುಯ್ಯುವ ರೂಢಿಯಿತ್ತು. ಇನ್ನು ಬರಕೂಡದು, ಬಣ್ಣ ಕೆಡುತ್ತದೆ ಎಂದು ವೆಂಕಟರಾಯಪ್ಪ ಹೇಳಿಕಳಿಸಿದ. ರಾಜನ ಕಲ್ಲಿಗೆ ಕುರಿಯವರ ಹಾಲೇಕೆ ಎಂದು ಹುಡುಗರು ಆಡಿಕೊಂಡಾಗ ಅವನು ಗದರಲಿಲ್ಲ.

ಮುನೆಪ್ಪ ಹಳೆಯ ಸುಣ್ಣ, ಎಣ್ಣೆಜಿಡ್ಡು ಕೆರೆದು ಕಲ್ಲು ತೊಳೆದ. ತೊಳೆದವನು ಮೂಡಿದ ಕೆತ್ತನೆ ನೋಡಿ ತಲೆ ಕೆರೆದುಕೊಂಡ.

"ಅಣ್ಣಾ, ಕುದ್ರೆ ಎಲ್ಲಿ?"

"ಸರಿಯಾಗಿ ನೋಡ್ಲಾ. ಮಹಾರಾಜು ಕುದ್ರೆ ಇಲ್ದೆ ಬತ್ತಾನಾ?"

"ಇವು ಹಸ ಕಣಣ್ಣ, ಕೊಂಬವೆ. ನಿಮ್ಮ ರಾಜ ನಡ್ಕೊಂಡೇ ಬಂದವ್ನೆ. ಕಿರೀಟ ಹಾಳಾಗೋಗ್ಲಿ, ಮೈಮೇಲೆ ಲಂಗೋಟಿ ಬಿಟ್ರೆ ಇನ್ನೇನೂ ಇಲ್ಲ."

ಆದರೂ ಮುನೆಪ್ಪನಲ್ಲಿ ಉಪಾಯವಿತ್ತು. ಸಿಮೆಂಟು ಮೆತ್ತಿ ಕೊಂಬು ಮುಚ್ಚಿ, ಕತ್ತು ಎತ್ತರಿಸಿದರೆ ಮುಂದಿನ ಹಸುವೇ ಕುದುರೆಯಾದೀತು. ಹಾಗೇ ಮಾಡೆಂದು ವೆಂಕಟರಾಯಪ್ಪ ತಾನೇ ಸಿಮೆಂಟು ಕಲಸಿಕೊಟ್ಟ.

ಅಷ್ಟರಲ್ಲಿ ಬೀರಕ್ಕ ಹಾಲಿನ ಚೆಂಬು ಹಿಡಿದು ಬಂದು ಬದುವಿನಾಚೆಯೇ ನಿಂತಳು.

"ನಾನು ಒಳಕ್ಕೆ ಬರಾಕಿಲ್ಲ ಗೌಡ. ಹಸಾನ ಮಾತ್ರ ಮುಚ್ಬ್ಯಾಡ. ಕಳ್ರು ಊರ ದನ ಹೊಡ್ಕೊಂಡು ಹೋಯ್ತಿದ್ರಂತೆ. ಇವ್ನು ಅಡ್ಡ ನಿಂತು ಸತ್ನಂತೆ."

ಅವನು ನಿಮ್ಮ ವಂಶದವನೋ ಎಂದು ವೆಂಕಟರಾಯಪ್ಪ ಕೊಂಕಾಗಿ ಕೇಳಿದ. ಗೊತ್ತಿಲ್ಲ, ಹೆಸರೂ ತಿಳಿಯದು, ಅಜ್ಜಿ ಹುಯ್ಯುತ್ತಿದ್ದಳು, ತಾನೂ ಹುಯ್ಯುತ್ತೇನೆ ಎಂದಳು ಬೀರಕ್ಕ.

"ಮತ್ತೆ ದನ ಯಾರವು?"

"ನಮ್ಮವಂತೂ ಅಲ್ಲ ಕಣಪ್ಪ, ನಮ್ದು ಆಗ್ಲೂ ಕುರೀನೇ. ಹೊಲ ಉಳೋರವು ಇರ್ಬೇಕು. ನಿಮ್ಮೋರವೇ ಇದ್ರೂ ಇರ್ಬೋದು."

ವೆಂಕಟರಾಯಪ್ಪ ಕುಕ್ಕರಗಾಲಿನಲ್ಲಿ ಕೂತು ಕಲ್ಲನ್ನು ನೋಡಿದ. ಹಸುವಿನ ಮಗ್ಗುಲಲ್ಲೊಂದು ಕರು. ಅವುಗಳಿಗೂ ಕಳ್ಳರ ಬಾಣಗಳಿಗೂ ನಡುವೆ ಬರಿಮೈಯ ಒಬ್ಬ ಮನುಷ್ಯ. ಟಾಕೀಸಿನ ರಾಜ ಸತ್ತದ್ದು ಸಿಂಹಾಸನಕ್ಕಾಗಿ. ಇವನು ಸತ್ತದ್ದು ಯಾರದೋ ಕೊಟ್ಟಿಗೆಯ ದನಕ್ಕಾಗಿ. ಸಿನಿಮಾದಲ್ಲಿ ಜುಮ್ಮೆಂದ ಮೈ ಈಗ ಮತ್ತೆ ಜುಮ್ಮೆಂದಿತು, ಇನ್ನೂ ಜೋರಾಗಿ. ಕಲಸಿದ ಸಿಮೆಂಟನ್ನು ದನದ ತೊಟ್ಟಿಯ ಬಿರುಕಿಗೆ ಮೆತ್ತಲು ಮುನೆಪ್ಪನಿಗೆ ಹೇಳಿದ. ಬೀರಕ್ಕನಿಗೆ, ಸಂಜೆಯವರೆಗೂ ಇಲ್ಲೇ ಇರು ಎಂದ.

ಸಂಜೆ ಜನ ಕಿಕ್ಕಿರಿದರು. ಬಣ್ಣವಿಲ್ಲದ ಕಲ್ಲು ಕಂಡು ಹುಡುಗರ ಶಿಳ್ಳೆ ನಿಂತಿತು. ನಮ್ಮ ಮಹಾರಾಜ ಎಲ್ಲಿ ಎಂದೊಬ್ಬ ಕೂಗಿದ. ವೆಂಕಟರಾಯಪ್ಪ ಮೈಕು ತೆಗೆದುಕೊಂಡ.

"ರಾಜ ಅಲ್ಲ ಕಣ್ರಲಾ. ಇವ್ನ ಹೆಸ್ರು, ಕುಲ ನಂಗೆ ಗೊತ್ತಿಲ್ಲ. ನಾನು ಸುಮ್ನೆ ನಮ್ಮೋನು ಅಂದ್ಬುಟ್ಟೆ. ನಮ್ಮ ದನ ಉಳ್ಸಿದೋನು, ಅಷ್ಟೇ ಗೊತ್ತು."

ಗುಸುಗುಸು ಎದ್ದಿತು. ಅವನು ಮೈಕು ಕೆಳಗಿಟ್ಟು, ಕಲ್ಲಿನ ಮುಂದೆ ನಿಂತಿದ್ದವರನ್ನು ಎರಡೂ ಕೈಯಿಂದ ಸರಿಸಿ ದಾರಿ ಮಾಡಿದ.

"ಬಾರಮ್ಮ ಬೀರಕ್ಕ. ಹಾಲು ಹುಯ್ಯಿ."